ಇಂಗ್ಲಿಷ್ ವಾಕ್ಯದಲ್ಲಿ ವೈಲ್ (while) ಮುಂದೆ ಇಡ್ಬೇಕಾ, ಹಿಂದೆ ಇಡ್ಬೇಕಾ?

ಕನ್ನಡದಲ್ಲಿ "ನಾನು ಅಡುಗೆ ಮಾಡ್ತಿರುವಾಗ ಕರೆಂಟ್ ಹೋಯ್ತು" ಅಂತೀವಿ, ಯಾವಾಗ ಅನ್ನೋ ಭಾಗ ಮೊದ್ಲು ಬಂದ್ಬಿಡುತ್ತೆ, ಮುಖ್ಯ ಕ್ರಿಯಾಪದ ಕೊನೆಗೆ. ಅದೇ ರೂಢೀಲಿ ಇಂಗ್ಲಿಷ್ ಬರೆಯೋವಾಗ್ಲೂ ನಮ್ಮಲ್ಲಿ ತುಂಬಾ ಜನ ಇಂಥ ಪ್ರತಿ ವಾಕ್ಯನೂ ವೈಲ್ ಇಂದಾನೇ ಶುರು ಮಾಡ್ತಾರೆ. ಗ್ರಾಮರ್ ಸರಿ ಇರುತ್ತೆ, ಆದ್ರೆ ಒತ್ತು ಬೇರೆ ಕಡೆ ಬಿದ್ದಿರುತ್ತೆ.

ಇಂಗ್ಲಿಷಲ್ಲಿ ಸಾಮಾನ್ಯವಾಗಿ ಕೇಳೋರಿಗೆ ಗೊತ್ತಿರೋದು ಮುಂದೆ, ಹೊಸ ವಿಷಯ ಕೊನೆಗೆ. ಹಾಗಾಗಿ ಬರೆಯೋಕೆ ಮುಂಚೆ ಈ ವಾಕ್ಯ ಯಾವ ಪ್ರಶ್ನೆಗೆ ಉತ್ತರ ಅಂತ ಕೇಳ್ಕೊಳ್ಳಿ. ಕರೆಂಟ್ ಯಾವಾಗ ಹೋಯ್ತು ಅಂತ ಕೇಳಿದ್ರೆ "ದ ಪವರ್ ವೆಂಟ್ ಆಫ್ ವೈಲ್ ಐ ವಾಸ್ ಕುಕಿಂಗ್". ಅಡುಗೆ ಮಾಡ್ತಿದ್ದಾಗ ಏನಾಯ್ತು ಅಂದ್ರೆ "ವೈಲ್ ಐ ವಾಸ್ ಕುಕಿಂಗ್, ದ ಪವರ್ ವೆಂಟ್ ಆಫ್". ವೈಲ್ ಮುಂದೆ ಬಂದ್ರೆ ಮಧ್ಯೆ ಕಾಮಾ ಹಾಕಿ, ಹಿಂದೆ ಬಂದ್ರೆ ಸಾಮಾನ್ಯವಾಗಿ ಬೇಡ.

ಜನರ ಬಗ್ಗೆ ಬರೆಯೋವಾಗ ಇದು ಇನ್ನೂ ಮಜಾ. "ರವಿ ವಾಷ್ಡ್ ದ ಡಿಷಸ್ ವೈಲ್ ಹಿಸ್ ಬ್ರದರ್ ವಾಚ್ಡ್ ಟಿವಿ" ಅಂದ್ರೆ ಓದೋರಿಗೆ ಕೊನೆಗೆ ಉಳಿಯೋದು ಕಾಲು ಚಾಚಿ ಕೂತಿರೋ ತಮ್ಮ, ಅಂದ್ರೆ ನೀವು ತಮ್ಮನ ಮೇಲೆ ಚಾಡಿ ಹೇಳ್ತಿದೀರ. ತಿರುಗಿಸಿ, "ವೈಲ್ ಹಿಸ್ ಬ್ರದರ್ ವಾಚ್ಡ್ ಟಿವಿ, ರವಿ ವಾಷ್ಡ್ ದ ಡಿಷಸ್", ಈಗ ಪಾಪ ಪಾತ್ರೆ ತೊಳೆದ ರವಿಗೆ ಒಂದು ಶಹಬ್ಬಾಸ್ ಸಿಕ್ತು. ಯಾರ ಕಡೆನೂ ವಾಲೋದು ಬೇಡ ಅಂದ್ರೆ ವೈಲ್ ಬಿಟ್ಟು ಸುಮ್ನೆ ಆಂಡ್ ಹಾಕಿ.

ಆಫೀಸ್ ಇಮೇಲಲ್ಲಂತೂ ಇದನ್ನ ನೋಡ್ಕೊಂಡೇ ಬರೀಬೇಕು. "ವೈಲ್ ವಿ ವರ್ ಅಪ್‌ಡೇಟಿಂಗ್ ದ ಸರ್ವರ್, ಟೂ ಫೈಲ್ಸ್ ವರ್ ಡಿಲೀಟೆಡ್" ಅಂದ್ರೆ ಫೈಲ್ ಹೋಗಿದ್ದೇ ಸುದ್ದಿ. ಅಪ್‌ಡೇಟ್ ಭಾಗನ ಕೊನೆಗೆ ತಳ್ಳಿದ್ರೆ ಓದಿದವರು "ಅಪ್‌ಡೇಟ್ ಯಾಕೆ ಆವಾಗ್ಲೇ ಮಾಡಿದ್ರಿ" ಅಂತ ಕೇಳೋ ಚಾನ್ಸ್ ಜಾಸ್ತಿ.

ವೆನ್ (when) ಕಥೆ ಸ್ವಲ್ಪ ಬೇರೆ. "ಐ ವಾಸ್ ಕ್ರಾಸಿಂಗ್ ದ ರೋಡ್ ವೆನ್ ಎ ಬೈಕ್ ಹಿಟ್ ಮಿ" ಇದ್ರಲ್ಲಿ ವೆನ್ ಇರೋ ಭಾಗ ಹೆಸರಿಗೆ ಮಾತ್ರ ಅಧೀನ ವಾಕ್ಯ (ಮುಖ್ಯ ವಾಕ್ಯಕ್ಕೆ ಅಂಟ್ಕೊಂಡಿರೋ ಭಾಗ), ನಿಜವಾದ ಸುದ್ದಿ ಅಲ್ಲೇ ಇದೆ, ಕೇಳೋರು ಅಯ್ಯೋ ಅನ್ನೋದೂ ಅಲ್ಲೇ. ಅದನ್ನ ಉಲ್ಟಾ ಮಾಡಿ "ವೆನ್ ಎ ಬೈಕ್ ಹಿಟ್ ಮಿ, ಐ ವಾಸ್ ಕ್ರಾಸಿಂಗ್ ದ ರೋಡ್" ಅಂದ್ರೆ ಪೊಲೀಸ್ ಸ್ಟೇಷನ್ನಲ್ಲಿ ಹೇಳಿಕೆ ಕೊಟ್ಟಂಗಿರುತ್ತೆ, ಡಿಕ್ಕಿ ಆದಾಗ ನೀನೆಲ್ಲಿದ್ದೆ ಅಂತ ಯಾರೋ ಕೇಳಿದಂಗೆ.

ಇನ್ನು ವೈಲ್ ಐ ವಾಸ್ ತೆಗೆದು ಬರೀ ಐಎನ್‌ಜಿ (-ing) ಪದ ಹಾಕಿ ಚಿಕ್ಕದು ಮಾಡೋರು ಒಂದು ನೋಡ್ಕೊಳ್ಳಿ. "ವಾಕಿಂಗ್ ಆನ್ ದ ರೋಡ್, ಎ ಬಸ್ ಕೇಮ್" ಅಂತ ಬರೆದ್ರೆ ನಡೀತಿದ್ದಿದ್ದು ಬಸ್ಸು ಅಂತಾಗುತ್ತೆ. ಇದಕ್ಕೆ ಕನ್ನಡನೇ ಟೆಸ್ಟ್: "ರೋಡಲ್ಲಿ ನಡೀತಾ ಬಸ್ ಬಂತು" ಅಂತ ಹೇಳಿ ನೋಡಿ, ಕಿವಿಗೇ ಕಚ್ಚುತ್ತೆ, ಯಾಕಂದ್ರೆ ನಡೀತಾ ಇರೋರೂ ಬಂದೋರೂ ಒಬ್ರೇ ಆಗ್ಬೇಕು. ಕನ್ನಡದಲ್ಲಿ ಕಚ್ಚಿದ್ರೆ ಇಂಗ್ಲಿಷಲ್ಲೂ "ವಾಕಿಂಗ್ ಆನ್ ದ ರೋಡ್, ಐ ಸಾ ಎ ಬಸ್" ಅಂತ ಮಾಡ್ಕೊಳ್ಳಿ, ಇಲ್ಲಾಂದ್ರೆ ವೈಲ್ ಐ ವಾಸ್ ಅಂತ ಪೂರ್ತಿ ಬರೀರಿ.