ಸಂತೆ ಬೀದಿಯಲ್ಲಿ ನಡೆಯೋಕೆ ಜಾಗ ಮಾಡಿಕೊಂಡೆವು

ನಮ್ಮೂರ ಸಂತೆ ಬೀದಿಯಲ್ಲಿ ಫುಟ್‌ಪಾತ್ ಇತ್ತು, ಅದರ ಮೇಲೆ ನಡೆಯುವವರು ಇರಲಿಲ್ಲ. ಮೊಣಕಾಲೆತ್ತರದ ಅಂಚು, ಕಾಲಿಟ್ಟರೆ ಅಲ್ಲಾಡುವ ಚರಂಡಿ ಚಪ್ಪಡಿ, ಮೇಲೆ ಸಾಲಾಗಿ ಬೈಕು. ವಯಸ್ಸಾದವರು ಹತ್ತೋದು ಹೇಗೆ? ಸುಮ್ನೆ ಅರ್ಜಿ ಬರೆಯೋ ಬದಲು ಬೀದಿಯವರೇ ಟೇಪು ಹಿಡಿದೆವು.

ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103 ಪ್ರಕಾರ ಅಂಚು 150 ಮಿಲಿಮೀಟರ್ ದಾಟಬಾರದು, ನಡೆಯಲು ಕನಿಷ್ಠ 1.8 ಮೀಟರ್ ತೆರವಾಗಿರಬೇಕು. ಒಂದು ಭಾನುವಾರ ಅದೇ ಅಳತೆಗೆ ಸುಣ್ಣದ ಗೆರೆ ಎಳೆದು, ಹಳೇ ಟೈರ್ ಇಟ್ಟೆವು. ಪಾರ್ಕಿಂಗ್ ಒಂದೇ ಬದಿಗೆ. ವ್ಯಾಪಾರ ಹೋಯ್ತು ಅಂತ ಅಂಗಡಿಯವರು ರೇಗಿದರು. ಸಂಜೆ ನೋಡಿದರೆ ಹೂವಿನಂಗಡಿ ಮುಂದೆ ಜನ ನಿಂತು ಚೌಕಾಸಿ ಮಾಡುತ್ತಿದ್ದರು! ಮೊದಲು ಅಲ್ಲಿ ನಿಂತರೆ ಹಾರ್ನ್ ಬೀಳುತ್ತಿತ್ತು.

ಆಮೇಲೆ ವಾರ್ಡ್ ಸದಸ್ಯರೇ ನಕ್ಷೆ ಕೇಳಿದರು. ಅಂಚು ಇಳಿಯಿತು, ಚಪ್ಪಡಿ ಸಮವಾಯಿತು. ತಳ್ಳುಗಾಡಿಯವರನ್ನು ಓಡಿಸಲಿಲ್ಲ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ ಅಲ್ವಾ, ಗುರುತು ಹಾಕಿದ ಜಾಗ ಕೊಡಿಸಿದೆವು. ಬಸ್ ನಿಲ್ದಾಣದ ಮೂಲೆ ಇನ್ನೂ ಬಾಕಿ.