ತಿರುವಿನಲ್ಲಿ ಹಿಡಿತ ತಪ್ಪುವ ರಿಮೋಟ್ ಕಾರು: ದೋಷ ಹುಡುಕುವ ಬಗೆ

ವಿಜಯಪುರದ ಎರೆಮಣ್ಣಿನ ಬಯಲಿನಲ್ಲಿ ರಿಮೋಟ್ ರೇಸ್ ಕಾರು ಓಡಿಸುವವರು, ಸ್ಪ್ರಿಂಗ್ ಬದಲಿಸುವ ಮುನ್ನ, ಟೈರಿಗಂಟಿದ ಧೂಳನ್ನು ಒರೆಸಿ, ಶಾಕ್‌ಗಳನ್ನು (ಕುಲುಕಾಟ ತಗ್ಗಿಸುವ ಎಣ್ಣೆ ತುಂಬಿದ ಕೊಳವೆಗಳನ್ನು) ಕಳಚಿ, ಚಕ್ರಗಳನ್ನು ಹಿಡಿದಿರುವ ಸಸ್ಪೆನ್ಷನ್ ತೋಳುಗಳು ತಮ್ಮ ಭಾರಕ್ಕೇ ಸಲೀಸಾಗಿ ಕೆಳಗಿಳಿಯುತ್ತವೆಯೇ ಎಂದು ನೋಡಬೇಕು. ದೋಷ ಅನೇಕ ವೇಳೆ ಅಲ್ಲಿಯೇ ಸಿಗುತ್ತದೆ. ತಿರುವಿನಲ್ಲಿ ಕಾರು ಸಾಕಷ್ಟು ತಿರುಗದೆ ಹೊರಕ್ಕೆ ಜಾರಿದರೆ ಮುಂದಿನ ಟೈರುಗಳಿಗೆ ಹಿಡಿತ ಸಾಲದೆಂದು ಅರ್ಥ: ಮುಂದೆ ಮೆದು ಸ್ಪ್ರಿಂಗ್ ಹಾಕಿರಿ, ಇಲ್ಲವೇ ಹಿಂದೆ ಬಿಗಿಯಾದುದನ್ನು ಹಾಕಿರಿ. ಹಿಂಭಾಗವೇ ಜಾರಿ ಕಾರು ಗಿರಕಿ ಹೊಡೆದರೆ ಇದಕ್ಕೆ ವಿರುದ್ಧವಾದ ಕ್ರಮ ಬೇಕು. ಹಿಂದಿನ ಚಕ್ರಗಳ ಟೋ-ಇನ್, ಅಂದರೆ ಅವುಗಳ ಮುಂಚು ಒಳಕ್ಕೆ ತಿರುಗಿರುವ ಕೋನ, ಸುಮಾರು 2ರಿಂದ 3 ಡಿಗ್ರಿ ಇದೆಯೇ ಎಂದೂ ಅಳೆಯಿರಿ. ಒಮ್ಮೆಗೆ ಒಂದನ್ನೇ ಬದಲಿಸಿರಿ. ಬಿಸಿಲೇರಿದಂತೆ ಶಾಕ್ ಎಣ್ಣೆ ತೆಳುವಾಗುವುದರಿಂದ, ಬೆಳಗಿನ ಹೊಂದಾಣಿಕೆಗೆ ಮಧ್ಯಾಹ್ನ ತುಸು ಗಟ್ಟಿ ಎಣ್ಣೆ ಬೇಕಾಗಬಹುದು.