ಸಬ್‌ಕಾಂಡೈಲ್ ಫ್ರಾಕ್ಚರ್ ತೆರೆದು ಪ್ಲೇಟ್ ಹಾಕೋದು: ನನ್ನ ಅನುಭವ

ನಮ್ ಕಡೆ ಕಾಂಡೈಲ್, ಅಂದ್ರೆ ಕಿವಿ ಮುಂದೆ ಕೀಲಲ್ಲಿ ಕೂರೋ ಕೆಳದವಡೆ ತುದಿ, ಇಲ್ಲಾ ಅದರ ಬುಡ (ಸಬ್‌ಕಾಂಡೈಲ್) ಮುರಿದ್ರೆ ಹಲ್ಲುಗಳಿಗೆ ಆರ್ಚ್ ಬಾರ್ ಅನ್ನೋ ಲೋಹದ ಪಟ್ಟಿ ಕಟ್ಟಿ, ಮೇಲಿನ ಕೆಳಗಿನ ದವಡೆನ ವೈರ್‌ನಲ್ಲಿ ಬಿಗಿದು ಬಿಟ್ಬಿಡೋದೇ ರೂಢಿ. ಕುಯ್ದು ತೆರೆದ್ರೆ ಮುಖದ ಸ್ನಾಯು ಆಡಿಸೋ ಫೇಶಿಯಲ್ ನರ್ವ್ ಹೋಗುತ್ತೆ, ತುಟಿ ಸೊಟ್ಟ ಆದ್ರೆ ಯಾರು ಉತ್ತರ ಕೊಡ್ತಾರೆ ಅಂತ ಸೀನಿಯರ್‌ಗಳು ಹೆದರಿಸ್ತಾನೇ ಇದ್ರು. ಆದ್ರೆ ರೇಮಸ್ (ದವಡೆಯ ಹಿಂದಿನ ನೆಟ್ಟಗಿರೋ ಭಾಗ) ಎತ್ತರ ಕುಸಿದಿರೋ ದೊಡ್ಡೋರಿಗೆ ವೈರ್ ಬಿಚ್ಚಿದ ಮೇಲೆ ಮತ್ತೆ ಓಪನ್ ಬೈಟ್, ಅಂದ್ರೆ ಮುಂದಿನ ಹಲ್ಲು ಕೂಡಲ್ಲ, ರೊಟ್ಟಿ ಕಡಿಯಕ್ಕಾಗಲ್ಲ ಡಾಕ್ಟ್ರೇ ಅಂತ ವಾಪಸ್ ಬರೋರು, ಅದನ್ನ ನೋಡಿ ನೋಡಿ ಸಾಕಾಗಿತ್ತು.

ಈಗ ನಾನು ರೆಟ್ರೋಮ್ಯಾಂಡಿಬ್ಯುಲರ್‌ನಿಂದಾನೇ, ಅಂದ್ರೆ ದವಡೆ ಹಿಂದಿನ ಅಂಚಿನ ಕಡೆಯಿಂದ ಹೋಗೋದು. ಕಿವಿ ಹಾಲೆ ಕೆಳಗೆ ಅರ್ಧ ಸೆಂಟಿಮೀಟರ್ ಬಿಟ್ಟು ಸುಮಾರು 3 ಸೆಂಟಿಮೀಟರ್ ಕಟ್, ಪ್ಯಾರೋಟಿಡ್ (ಕಿವಿ ಕೆಳಗಿನ ಜೊಲ್ಲು ಗ್ರಂಥಿ) ಒಳಗೆ ಮಸ್ಕಿಟೋ ಅನ್ನೋ ಸಣ್ಣ ಚಿಮಟನ್ನ ನರ್ವ್ ಹೋಗೋ ದಿಕ್ಕಿನಲ್ಲೇ ಅಗಲಿಸ್ಕೊಂಡು ಹೋಗ್ಬೇಕು, ನರ್ವ್ ಕಂಡ್ರೆ ಬಿಡಿಸಿ ಪಕ್ಕಕ್ಕೆ ಸರಿಸೋದು ಅಷ್ಟೇ. ನನ್ನ ಲೆಕ್ಕದಲ್ಲಿ ನರ್ವ್ ಸುಸ್ತಾಗೋದು ಕಟ್‌ನಿಂದ ಅಲ್ಲ, ಗಾಯ ಅಗಲಿಸಿ ಹಿಡಿಯೋ ರಿಟ್ರಾಕ್ಟರ್ ಎಳೆತದಿಂದ. ಕೆಲವ್ರಿಗೆ ಕೆಳತುಟಿ ವೀಕ್ ಆಗಿತ್ತು, ಎರಡ್ಮೂರು ತಿಂಗಳಲ್ಲಿ ಎಲ್ರಿಗೂ ಸರಿಹೋಯ್ತು. ಬಾಯಿ 38-40 ಮಿಲಿಮೀಟರ್ ತೆರೀತಾರೆ, ಹಲ್ಲು ಕೂರುತ್ತೆ.

ನಿಜವಾದ ಕಷ್ಟ ಲ್ಯಾಟರಲ್ ಟೆರಿಗಾಯ್ಡ್ ಅನ್ನೋ ಸ್ನಾಯು ಒಳಕ್ಕೆ ಎಳ್ಕೊಂಡಿರೋ ತುಂಡನ್ನ ಹೊರಗೆ ತರೋದ್ರಲ್ಲಿ. ಅನಸ್ತೇಶಿಯಾದವ್ರಿಗೆ ಸ್ನಾಯು ಸಡಿಲ ಮಾಡೋ ರಿಲ್ಯಾಕ್ಸೆಂಟ್ ಪೂರ್ತಿ ಕೊಡಿ ಅಂತ ಮೊದಲೇ ಹೇಳಿಟ್ಟು, ದವಡೆ ಮೂಲೆಯ ಆಂಗಲ್‌ನಲ್ಲಿ ತೂತು ಹೊಡೆದು ವೈರ್ ಹಾಕಿ ರೇಮಸ್‌ನ ಕೆಳಕ್ಕೆ ಎಳೆದ್ರೆ ಜಾಗ ಸಿಗುತ್ತೆ. ತುಂಡು ಜಾರದಂಗೆ ಹಿಡಿಯೋಕೆ ನನ್ನದೊಂದು ಉಪಾಯ ಇದೆ, ಅದು ಆಪರೇಷನ್ ಥಿಯೇಟರ್‌ಗೆ ಬಂದು ನೋಡೋರಿಗೆ ಮಾತ್ರ.

ದುಡ್ಡಿಲ್ಲ ಅಂತ ಒಂದೇ ಪ್ಲೇಟ್ ಹಾಕಿದ ಕೇಸ್‌ಗಳಲ್ಲಿ ಒಂದೆರಡು ಪ್ಲೇಟ್ ಬಾಗಿದ್ವು, ಒಂದು ಮುರೀತು. ಈಗ 2.0 ಎಂಎಂದು ಎರಡು, ಒಂದು ಹಿಂದಿನ ಅಂಚಿಗೆ, ಇನ್ನೊಂದು ಸಿಗ್ಮಾಯ್ಡ್ ನಾಚ್ (ಕಾಂಡೈಲ್ ಮುಂದಿನ ತಗ್ಗು) ಕೆಳಗೆ. ಟೈಟಾನಿಯಂ ದುಬಾರಿ, ಸ್ಟೀಲ್ ಅದಕ್ಕಿಂತ ತುಂಬ ಅಗ್ಗ. ಸ್ಟೀಲ್‌ನಲ್ಲೂ ಮೂಳೆ ಚೆನ್ನಾಗೇ ಕೂಡಿದೆ, ಬಡವ್ರಿಗೆ ಅದನ್ನೇ ಹಾಕ್ತೀನಿ.

ಕಾಟ ಕೊಟ್ಟಿದ್ದು ಸಲೈವರಿ ಫಿಸ್ಟುಲಾ, ಅಂದ್ರೆ ಪ್ಯಾರೋಟಿಡ್‌ನ ಜೊಲ್ಲು ಗಾಯದಿಂದ ಹೊರಗೆ ಸೋರೋದು. ಉಪ್ಪಿನಕಾಯಿ ನೆಕ್ಕಿದ್ರೆ ಕಿವಿ ಕೆಳಗೆ ನೀರು ಸೋರುತ್ತೆ ಅಂತ ಒಬ್ರು ಬಂದ್ರು. ಆಮೇಲಿಂದ ಗ್ರಂಥಿ ಮೇಲಿನ ಪೊರೆ, ಕ್ಯಾಪ್ಸೂಲ್‌ನ ಒಂದು ಹನಿ ಸೋರದಂಗೆ ಹೊಲಿದು, ಪ್ರೆಶರ್ ಡ್ರೆಸಿಂಗ್ ಕಟ್ಟಿ, ಹುಳಿ ಬಂದ್ ಮಾಡಿಸ್ತೀನಿ.

ಮಧ್ಯೆ ಬಾಯೊಳಗಿಂದಾನೇ ರೈಟ್ ಆಂಗಲ್ ಸ್ಕ್ರೂಡ್ರೈವರ್‌ನಲ್ಲಿ ಟ್ರೈ ಮಾಡ್ದೆ. ಕಲೆ ಇಲ್ಲ, ಚೆಂದ, ಆದ್ರೆ ಟೈಮ್ ಡಬಲ್, ತುಂಬ ಕೆಳಗೆ ಮುರಿದಿದ್ರೆ ಮಾತ್ರ ಆಗುತ್ತೆ.

ಚಿಕ್ ಮಕ್ಕಳಿಗೆ ಇದ್ಯಾವ್ದೂ ಬೇಡ. ಅವ್ರ ಕಾಂಡೈಲ್ ತಾನೇ ತಿದ್ಕೊಳ್ಳುತ್ತೆ, ಬೇಗ ಬಾಯಿ ಆಡಿಸೋಕೆ ಹಚ್ಚಿ, ಕಟ್ಟಿ ಕೂರಿಸಿದ್ರೆ ಆಂಕಿಲೋಸಿಸ್ ಆಗಿ, ಅಂದ್ರೆ ಕೀಲು ಅಂಟಿಕೊಂಡು, ಬಾಯೇ ತೆರೆಯದಂಗೆ ಆಗ್ಬಹುದು.